ಜೋಳ ಕಾಯುವ ಗಾಳಿ, ಜೀವ ತೆಗೆಯುವ ಗಾಳಿ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳೆಯ ಊರುಗಳಲ್ಲಿ ಅಡ್ಡಾಡುವವರ ಕಾಲ ಕೆಳಗೆ ಏನಿದೆ? ಹಗೇವು ಇವೆ. ವಾಡೆಯ ಅಂಗಳದಾಗ, ಗುಡಿ ಮುಂದಿನ ಬಯಲಿನಾಗ, ಒಮ್ಮೊಮ್ಮೆ ಓಣಿಯ ನಟ್ಟನಡುವೆ. ಕೆಲವಕ್ಕೆ ಮಣ್ಣು ತುಂಬಿದೆ. ಕೆಲವು ಎಲ್ಲಿವೆ ಅಂಬೋದೇ ಮನೆ ಮಂದಿಗೆ ಮರೆತುಹೋಗಿದೆ. ಗಡಿಯಾಚೆ ಸೊಲ್ಲಾಪುರದ ಕಡೆಯವರು ಇದನ್ನೇ ಪೇವ್ ಅಂತಾರೆ.

ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಬ್ಬ ಆಳು ಇಳಿಯುವಷ್ಟು ಕಿಂಡಿ. ಒಳಗೆ ಗುಡಾಣದಂತೆ ಅಗಲ. ತಳಕ್ಕೆ, ಸುತ್ತಲಿನ ಗೋಡೆಗೆ ಕಣಿಕಿ ಹೊಟ್ಟು ಒತ್ತಿ, ಬಿಸಿಲಿಗೆ ಒಣಗಿಸಿದ ಬಿಳಿಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಕಿ, ಬಾಯಿಗೆ ಫರಸಿ ಇಟ್ಟು, ಗಾಳಿ ಆಡದಂತೆ ಮಣ್ಣು ಮೆತ್ತುವುದು. ಅಷ್ಟೇ. ಔಷಧಿ ಇಲ್ಲ, ಗುಳಿಗೆ ಇಲ್ಲ. ಆದರೂ ವರ್ಷಗಟ್ಟಲೆ ಜೋಳಕ್ಕೆ ನುಸಿ ಹತ್ತುತ್ತಿರಲಿಲ್ಲ. ಬರಗಾಲದ ವರ್ಷ ಊರಿನ ಹೊಟ್ಟೆ ತುಂಬಿಸಿದ್ದು ಈ ನೆಲದ ಹೊಟ್ಟೆ.

ಹಾಗಾದರೆ ಜೋಳವನ್ನು ಕಾಯುವವರು ಯಾರು? ಗಾಳಿ. ಅದೇ ಗಾಳಿ ಮನುಷ್ಯನ ಜೀವವನ್ನೂ ತೆಗೆಯುತ್ತದೆ.

ಕಾಳೂ ಉಸಿರಾಡುತ್ತದೆ

ಚೀಲದಲ್ಲಿ ಬಿದ್ದ ಕಾಳು ಸತ್ತಿದೆ ಅಂತ ತಿಳೀಬಾರದು. ನಾಳೆ ಬಿತ್ತಿದರೆ ಮೊಳೆಯುವ ಕಾಳು ಇಂದು ಉಸಿರಾಡಲೇಬೇಕು. ನಮ್ಮ ಹಾಗೇ ಅದು ಆಮ್ಲಜನಕ ಎಳೆದುಕೊಂಡು ಇಂಗಾಲಾಮ್ಲ ವಾಯು ಬಿಡುತ್ತದೆ. ಜೊತೆಗೆ ಒಂದಿಷ್ಟು ಹಸಿ, ಒಂದಿಷ್ಟು ಕಾವು. ಕಾಳಿನೊಳಗಿನ ನುಸಿ, ಬೂಷ್ಟು ಮಾಡುವುದೂ ಅದನ್ನೇ. ಹಸಿರು ಎಲೆಯ ಕಥೆ ಬೇರೆ. ಬಿಸಿಲಿದ್ದಾಗ ಅದು ಈ ವಾಯುವನ್ನೇ ತಿಂದು ಬೆಳೆಯುತ್ತದೆ. ಅದಕ್ಕೇ ಪರದೇಶದ ಗಾಜಿನ ಮನೆಗಳಲ್ಲಿ ತರಕಾರಿ ಬೆಳೆಯುವವರು ದುಡ್ಡು ಕೊಟ್ಟು ಇದನ್ನು ಒಳಗೆ ಬಿಡುತ್ತಾರೆ. ಹಗೇವಿನ ಕತ್ತಲಲ್ಲಿ ಬಿಡುವವರೇ ಎಲ್ಲ, ತಿನ್ನುವವರು ಯಾರೂ ಇಲ್ಲ.

ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡಾ 21, ಇಂಗಾಲಾಮ್ಲ ವಾಯು ಶೇಕಡಾ 0.04ರಷ್ಟು. ಮೆತ್ತಿದ ಹಗೇವಿನಲ್ಲಿ ಮೊದಲನೆಯದು ದಿನೇ ದಿನೇ ಇಳಿಯುತ್ತದೆ, ಎರಡನೆಯದು ಏರುತ್ತದೆ. ಆಮ್ಲಜನಕ ಶೇಕಡಾ 3ಕ್ಕಿಂತ ಕೆಳಗಿಳಿದು ಕೆಲವು ದಿನ ಹಾಗೇ ನಿಂತರೆ ನುಸಿ ಉಳಿಯುವುದಿಲ್ಲ. ತಾನು ಬಿಟ್ಟ ಉಸಿರಿನಲ್ಲೇ ತಾನು ಸಾಯುತ್ತದೆ. ಹಿರಿಯರಿಗೆ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಹಸಿ ಹೊಕ್ಕರೆ ಹಗೇವು ಕೆಟ್ಟಿತು

ಈ ಕೆಲಸದಲ್ಲಿ ದೊಡ್ಡ ವೈರಿ ಹಸಿ. ನೂರು ಕಿಲೋ ಜೋಳದಲ್ಲಿ ನೀರಿನ ಪಾಲು 12 ಕಿಲೋ ಸುತ್ತಮುತ್ತ ಇರಬೇಕು, ಮೀರಬಾರದು. ಹಲ್ಲಲ್ಲಿ ಕಡಿದರೆ ಕಟ್ ಅನ್ನಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಹಸಿ ಇದ್ದ ಕಾಳು ಜೋರಾಗಿ ಉಸಿರಾಡುತ್ತದೆ, ಕಾವೇರುತ್ತದೆ. ಆ ಕಾವಿಗೆ ನೀರು ಆವಿಯಾಗಿ ಮೇಲೆ ಹೋಗಿ ತಣ್ಣನೆಯ ಫರಸಿಗೆ ತಾಗಿ ಹನಿಯಾಗಿ ಮತ್ತೆ ಕಾಳಿನ ಮೇಲೇ ಬೀಳುತ್ತದೆ. ಮೇಲಿನ ಪದರು ಮುಗ್ಗಲು ವಾಸನೆ ಹಿಡಿಯುವುದು ಹೀಗೆ. ಕಣಿಕಿ ಹೊಟ್ಟು ಹಾಕುವುದು ಈ ಹನಿ ಹೀರಲಿ, ಗೋಡೆಯ ತಂಪು ಕಾಳಿಗೆ ತಾಗದಿರಲಿ ಅಂತ.

ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಹಗೇವು ನಿಲ್ಲದು. ಅದಕ್ಕೇ ನೀರು ನಿಲ್ಲದ ದಿಬ್ಬ, ಗಟ್ಟಿ ಮಣ್ಣು ನೋಡಿ ತೋಡುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಹೊಳೆಸಾಲಿನ ಊರಿಗೆ ನೀರು ನುಗ್ಗಿತು. ಅಂಥ ನೀರು ಒಂದು ಸಲ ಒಳಗೆ ಹೊಕ್ಕರೆ ಕಾಳು ಕೊಳೆಯುತ್ತದೆ. ಕೊಳೆತ ಕಾಳಿನ ಹಗೇವು ಒಣಕಾಳಿನ ಹಗೇವಿಗಿಂತ ಬಲು ಬೇಗ ವಿಷಗಾಳಿ ತುಂಬಿಕೊಳ್ಳುತ್ತದೆ.

ಬಾಯಿ ತೆರೆದ ದಿನ

ಮುಚ್ಚುವ ಜಾಣತನ ಅರ್ಧ, ತೆರೆಯುವ ಜಾಣತನ ಇನ್ನರ್ಧ. ಇಂಗಾಲಾಮ್ಲ ವಾಯು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಫರಸಿ ಸರಿಸಿದ ಮಾತ್ರಕ್ಕೆ ಅದು ಎದ್ದು ಹೊರಗೆ ಬರುವುದಿಲ್ಲ. ಕೊಡದೊಳಗಿನ ನೀರಿನ ಹಾಗೆ ತಳದಲ್ಲೇ ಕೂತಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ಮೂಗು ಹಿಡಿಯುವ ನಾತವೂ ಇಲ್ಲ. ಅದು ಶೇಕಡಾ 5ರಷ್ಟಾದರೆ ಏದುಸಿರು, ತಲೆಶೂಲೆ. ಶೇಕಡಾ 10 ದಾಟಿದರೆ ಕೆಲವೇ ನಿಮಿಷಕ್ಕೆ ಎಚ್ಚರ ತಪ್ಪುತ್ತದೆ. ಕೂಗುವುದಕ್ಕೂ ಪುರಸೊತ್ತು ಸಿಗುವುದಿಲ್ಲ.

ತೆಗೆದ ಕೂಡಲೇ ಇಳೀಬ್ಯಾಡ್ರೋ ಅಂತ ಹಿರಿಯರು ಗದರುತ್ತಿದ್ದುದು ಇದಕ್ಕೇ. ಹಿಂದಿನ ದಿನವೇ ಬಾಯಿ ತೆರೆದಿಡುವುದು, ಬೇವಿನ ತೊಪ್ಪಲಿನ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಎಳೆದಾಡಿ ಒಳಗಿನ ಗಾಳಿ ಕಲಕುವುದು, ಆಮೇಲೆ ಹಚ್ಚಿದ ಕಂದೀಲು ಇಳಿಬಿಡುವುದು. ದೀಪ ಆರಿತೋ, ಇಳಿಯುವ ಮಾತೇ ಇಲ್ಲ. ಆಮ್ಲಜನಕ ಶೇಕಡಾ 16ರ ಆಸುಪಾಸಿಗೆ ಬಂದರೆ ದೀಪ ಆರುತ್ತದೆ.

ಆದರೆ ದೀಪ ಉರಿಯಿತು ಅಂತ ಪೂರಾ ನಂಬುವಂತೆಯೂ ಇಲ್ಲ. ಕಾಳು ಕಾಳಿನ ಸಂದಿಯಲ್ಲಿ ಅದೇ ವಾಯು ಅಡಗಿರುತ್ತದೆ. ಒಳಗಿನವನು ಬುಟ್ಟಿ ತುಂಬಲು ಜೋಳ ಕೆದರಿದಂತೆ ಅದು ಮೇಲೇಳುತ್ತದೆ. ಬೆಳಗ್ಗೆ ಸರಿ ಇದ್ದ ಹಗೇವು ಮಧ್ಯಾಹ್ನ ಸರಿ ಇರಬೇಕೆಂದಿಲ್ಲ. ಈಗ ಊರೂರಿಗೆ ಕರೆಂಟು ಇದೆ. ಬಾಯಿಯಿಂದ ಒಳಗೆ ಗಾಳಿ ಊದುವ ಫ್ಯಾನು ಕೆಲಸ ಮುಗಿಯುವ ತನಕ ತಿರುಗುತ್ತಲೇ ಇರಬೇಕು. ಇಳಿಯುವವನ ಸೊಂಟಕ್ಕೆ ಹಗ್ಗ, ಹಗ್ಗದ ತುದಿ ಮೇಲೆ ನಿಂತ ಇಬ್ಬರ ಕೈಯಲ್ಲಿ. ಮೇಲಿನವರು ಮಾತಾಡಿಸುತ್ತಲೇ ಇರಬೇಕು. ಉತ್ತರ ಬರದಿದ್ದರೆ ಎಳೆಯಬೇಕು.

ಎರಡನೆಯವನು ಯಾಕೆ ಸಾಯುತ್ತಾನೆ?

ಅಣ್ಣ ಬಿದ್ದ ಅಂತ ತಮ್ಮ ಹಾರುತ್ತಾನೆ, ತಮ್ಮ ಬಿದ್ದ ಅಂತ ಆಳು ಇಳಿಯುತ್ತಾನೆ. ಇಂಥ ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಉಳಿಸಲು ಹೋದವರೇ ಎಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು. ಬಿದ್ದವನನ್ನು ಹಗ್ಗದಿಂದ ಎಳೆಯಿರಿ, ಒಳಗೆ ಗಾಳಿ ಊದಿರಿ, 112ಕ್ಕೆ ಫೋನು ಮಾಡಿರಿ. ಹಾರಬೇಡಿರಿ. ಕೇಳಲು ಕಠಿಣ ಮಾತು, ಆದರೆ ಒಂದು ಹೆಣದ ಮನೆಯಲ್ಲಿ ಮೂರು ಹೆಣ ಆಗುವುದನ್ನು ತಪ್ಪಿಸುವ ಮಾತು.

ಹಾಳುಬಾವಿಗೂ, ಪಾಯಖಾನೆ ಗುಂಡಿಗೂ ಇದೇ ಮಾತು. ಗುಂಡಿಗೆ ಮಾತ್ರ ದೀಪ ಬಿಡಬಾರದು. ಅಲ್ಲಿ ಹೊತ್ತಿಕೊಳ್ಳುವ ವಾಯುವೂ ಇರುತ್ತದೆ.

ಹೊಸ ಚೀಲ, ಹಳೆ ಬುದ್ಧಿ

ಹಗೇವಿನ ಬುದ್ಧಿ ಸತ್ತಿಲ್ಲ. 1980ರ ದಶಕದ ಕೊನೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದಿ ಕಾಳಿಗಾಗಿ ಮೂರು ಪದರಿನ ಚೀಲ ತಯಾರಿಸಿದರು. ಒಳಗೆ ಎರಡು ಪ್ಲಾಸ್ಟಿಕ್ಕು, ಹೊರಗೆ ನೇಯ್ದ ಚೀಲ. ಬಾಯಿ ಬಿಗಿದು ಕಟ್ಟಿದರೆ ಒಳಗಿನ ಹುಳ ಉಸಿರುಗಟ್ಟುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿನ ತೊಗರಿಗೂ ಕೊರೆಯುವ ಹುಳದ ಕಾಟ ಇದ್ದೇ ಇದೆ. ಚೆನ್ನಾಗಿ ಒಣಗಿದ ಕಾಳಿಗೆ ಈ ಉಪಾಯ ಒಪ್ಪುತ್ತದೆ. ಚೀಲದೊಳಗೆ ಯಾರೂ ಇಳಿಯುವುದಿಲ್ಲ ಅಂಬೋದು ದೊಡ್ಡ ಲಾಭ.

ಉಳಿದದ್ದು ಹಳೆಯ ಹಗೇವುಗಳ ಪ್ರಶ್ನೆ. ಜಡಿಮಳೆಗೆ ಮಣ್ಣು ಕುಸಿದು ಬಾಯಿ ತೆರೆದುಕೊಂಡರೆ ದನ, ಮಕ್ಕಳು ಬೀಳುವ ಭಯ. ಯಾವ ಓಣಿಯಲ್ಲಿ ಎಷ್ಟು ಅಂತ ಹೇಳಬಲ್ಲ ಅಜ್ಜ ಅಮ್ಮಗಳು ಇನ್ನೂ ಇದ್ದಾರೆ. ಅವರು ಇರುವಾಗಲೇ ಪಂಚಾಯಿತಿಯವರು ಕೇಳಿ ಗುರುತು ಹಾಕಿ, ಬೇಡವಾದದ್ದಕ್ಕೆ ಗಟ್ಟಿಯಾಗಿ ಮಣ್ಣು ತುಂಬಿಸಲಿ. ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ, ಫರಸಿಯ ಪಕ್ಕದಲ್ಲಿ ಹಗ್ಗವೂ ಇರಲಿ.