ದಹಿಸರ್‌ನಿಂದ ಡಬ್ಲ್ಯುಟಿಎವರೆಗೆ: ಮಗಳ ಟೆನಿಸ್ ಬದುಕಿನ ಲೆಕ್ಕ

2025ರ ಫೆಬ್ರುವರಿಯಲ್ಲಿ ಚರ್ಚ್‌ಗೇಟ್ ಹತ್ತಿರದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಕೋರ್ಟಿನಲ್ಲಿ ಕೊಯಮತ್ತೂರಿನ ಮಾಯಾ ರಾಜೇಶ್ವರನ್ ಮುಂಬೈ ಓಪನ್ ಸೆಮಿಫೈನಲ್ ತಲುಪಿದಳು. ಆಗ ಅವಳಿಗೆ 15 ವರ್ಷ. ಅರ್ಹತಾ ಸುತ್ತಿನಿಂದ ಗೆಲ್ಲುತ್ತ ಬಂದವಳನ್ನು ತಡೆದದ್ದು ಕೊನೆಗೆ ಪ್ರಶಸ್ತಿಯನ್ನೂ ಗೆದ್ದ ಸ್ವಿಟ್ಜರ್ಲೆಂಡಿನ ಜಿಲ್ ಟೈಕ್‌ಮನ್. ಮುಂಬೈಯ ಉಪನಗರ ದಹಿಸರ್‌ನಿಂದ ಅಲ್ಲಿಗೆ ಲೋಕಲ್ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಆದರೆ ಇಲ್ಲಿನ ಹುಡುಗಿಯೊಬ್ಬಳು ಆಟಗಾರ್ತಿಯಾಗಿ ಆ ಕೋರ್ಟಿಗೆ ಇಳಿಯಬೇಕಾದರೆ ಹತ್ತು ವರ್ಷಗಳ ತಯಾರಿ ಬೇಕು. ಅಭ್ಯಾಸವನ್ನು ಕೋಚ್ ನೋಡಿಕೊಳ್ಳುತ್ತಾರೆ. ಅಂಕ, ಖರ್ಚು, ವಯಸ್ಸು, ಓದು, ಇವುಗಳ ಲೆಕ್ಕ ಮಾತ್ರ ಮನೆಯವರ ಪಾಲಿಗೆ ಬರುತ್ತದೆ. ಒಳ್ಳೆಯ ಕೈಚಳಕವಿದ್ದ ಎಷ್ಟೋ ಮಕ್ಕಳು ಈ ಲೆಕ್ಕ ತಪ್ಪಿ ನಡುವೆಯೇ ನಿಂತುಬಿಡುತ್ತಾರೆ. ಅದಕ್ಕೇ ಇದನ್ನು ಮೊದಲೇ ತಿಳಿದಿರಬೇಕು.

ಶುರು ಎಲ್ಲಿಂದ?

ಮೊದಲ ಕೆಲಸ ಅಖಿಲ ಭಾರತ ಟೆನಿಸ್ ಸಂಸ್ಥೆಯಲ್ಲಿ, ಅಂದರೆ ಎಐಟಿಎಯಲ್ಲಿ, ಜನನ ಪ್ರಮಾಣಪತ್ರ ಕೊಟ್ಟು ನೋಂದಣಿ ಮಾಡಿಸುವುದು. ಆ ಸಂಖ್ಯೆ ಇಲ್ಲದೆ ರ‍್ಯಾಂಕಿಂಗ್ ಟೂರ್ನಿ ಆಡುವಂತಿಲ್ಲ. ಮುಂಬೈ ಮಕ್ಕಳಿಗೆ ರಾಜ್ಯ ಸಂಸ್ಥೆ ಎಂದರೆ ಮಹಾರಾಷ್ಟ್ರದ ಎಂಎಸ್‌ಎಲ್‌ಟಿಎ. 12, 14, 16, 18 ವರ್ಷದೊಳಗಿನವರ ವಿಭಾಗಗಳಲ್ಲಿ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಎಂದು ಹಂತಹಂತವಾಗಿ ಟೂರ್ನಿಗಳಿರುತ್ತವೆ. ಹಂತ ಏರಿದಷ್ಟೂ ಅಂಕ ಹೆಚ್ಚು, ಪ್ರಯಾಣವೂ ಹೆಚ್ಚು.

13 ತುಂಬಿದ ಮೇಲೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ, ಅಂದರೆ ಐಟಿಎಫ್‌ನ, ಜೂನಿಯರ್ ಟೂರ್ನಿಗಳು ತೆರೆದುಕೊಳ್ಳುತ್ತವೆ: ಜೆ30, ಜೆ60, ಜೆ100 ಎಂದು ಮೇಲಕ್ಕೆ. ಮಹಿಳೆಯರ ವೃತ್ತಿಪರ ಟೂರ್ನಿ ಆಡಲು 14 ತುಂಬಿರಬೇಕು. ಅಲ್ಲಿಂದ 18ರವರೆಗೆ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಎಂಬ ಮಿತಿಯಿದೆ. ತೀರಾ ಚಿಕ್ಕ ವಯಸ್ಸಿನ ಹುಡುಗಿಯರು ದಣಿದು ಆಟ ಬಿಡುವುದನ್ನು ಕಂಡ ಮೇಲೆ 1990ರ ದಶಕದಲ್ಲಿ ಬಂದ ನಿಯಮ ಇದು. ಇದನ್ನು ಅಡ್ಡಿ ಎಂದುಕೊಳ್ಳಬೇಡಿ, ಮಗಳ ಮೊಣಕಾಲು, ಭುಜಗಳಿಗೆ ಇದು ರಕ್ಷಣೆ.

ಅಂಕದ ಗಣಿತ

ವೃತ್ತಿಪರ ಟೂರ್ನಿಗಳ ತಳದಲ್ಲಿರುವುದು ಐಟಿಎಫ್‌ನ ಡಬ್ಲ್ಯು15. ಅದರ ಮೇಲೆ ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. ಅದಕ್ಕೂ ಮೇಲೆ ಮಹಿಳಾ ಟೆನಿಸ್ ಸಂಘ, ಅಂದರೆ ಡಬ್ಲ್ಯುಟಿಎ, ನಡೆಸುವ 125, 250, 500, 1000ರ ಟೂರ್ನಿಗಳು, ತುದಿಯಲ್ಲಿ ನಾಲ್ಕು ಗ್ರ್ಯಾಂಡ್‌ಸ್ಲಾಮ್. ಹೆಸರಿನ ಜೊತೆಗಿರುವ ಸಂಖ್ಯೆಯೇ ಚಾಂಪಿಯನ್‌ಗೆ ಸಿಗುವ ಅಂಕ. ಗ್ರ್ಯಾಂಡ್‌ಸ್ಲಾಮ್ ಗೆದ್ದರೆ 2000.

ಡಬ್ಲ್ಯು15 ಟೂರ್ನಿಯನ್ನು ಪೂರ್ತಿ ಗೆದ್ದರೆ 15 ಅಂಕ. ಮುಂಬೈ ಓಪನ್ ಡಬ್ಲ್ಯುಟಿಎ 125 ದರ್ಜೆಯದು, ಅಲ್ಲಿ ಸೆಮಿಫೈನಲ್ ತಲುಪಿದರೇ 49 ಅಂಕ. ಮೂರು ಸಣ್ಣ ಟೂರ್ನಿ ಗೆದ್ದರೂ ಆ ಒಂದು ವಾರಕ್ಕೆ ಸಾಟಿಯಾಗುವುದಿಲ್ಲ. ಸ್ಥಳೀಯ ಹುಡುಗಿಯರು ರ‍್ಯಾಂಕಿಂಗ್ ನೋಡದೆ ಸಂಘಟಕರು ಕೊಡುವ ಪ್ರವೇಶವಾದ ವೈಲ್ಡ್ ಕಾರ್ಡ್‌ಗಾಗಿ ಇಷ್ಟು ಕಾಯುವುದು ಇದಕ್ಕೇ.

ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಅಂಕ ಗಳಿಸಿರಬೇಕು, ಇಲ್ಲವೇ ಒಟ್ಟು 10 ಅಂಕವಾದರೂ ಇರಬೇಕು. ಸಿಂಗಲ್ಸ್‌ನಲ್ಲಿ ಅತ್ಯುತ್ತಮ 18 ಟೂರ್ನಿಗಳ ಫಲಿತಾಂಶವನ್ನಷ್ಟೇ ಕೂಡುತ್ತಾರೆ. ಅಂಕದ ಆಯುಸ್ಸು 52 ವಾರ. ಕಳೆದ ಫೆಬ್ರುವರಿಯಲ್ಲಿ ಗಳಿಸಿದ್ದು ಈ ಫೆಬ್ರುವರಿಯಲ್ಲಿ ಬಿದ್ದುಹೋಗುತ್ತದೆ, ಮತ್ತೆ ಗಳಿಸದಿದ್ದರೆ ಸ್ಥಾನ ಜಾರುತ್ತದೆ. ‘ಪಾಯಿಂಟ್ಸ್ ಡಿಫೆಂಡ್ ಮಾಡಬೇಕು’ ಎಂದು ಆಟಗಾರ್ತಿಯರು ಹೇಳುವುದು ಇದನ್ನೇ.

ಸಣ್ಣ ಟೂರ್ನಿಯ ಒಂದು ವಾರ

ಐಟಿಎಫ್‌ನ ಐಪಿನ್ ಸಂಖ್ಯೆ ಪಡೆದು, ಟೂರ್ನಿಗೆ ಸುಮಾರು ಎರಡೂವರೆ ವಾರ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಒಂದೇ ವಾರದ ಹಲವು ಟೂರ್ನಿಗಳಿಗೆ ಹೆಸರು ಕೊಟ್ಟು, ಪಟ್ಟಿ ಹೊರಬಿದ್ದ ಮೇಲೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿಗೆ ಟಿಕೆಟ್ ಮಾಡಿಸುವುದು ರೂಢಿ. ಹೀಗಾಗಿ ಅಗ್ಗದ ವಿಮಾನ ಟಿಕೆಟ್ ಸಿಗುವುದು ಕಷ್ಟ.

ಡಬ್ಲ್ಯು15ರ ಒಟ್ಟು ಬಹುಮಾನ 15,000 ಡಾಲರ್. ಇದರಲ್ಲಿ ಸಿಂಗಲ್ಸ್ ಗೆದ್ದವಳಿಗೆ ಬರುವುದು ಸುಮಾರು 2,300 ಡಾಲರ್, ಎರಡು ಲಕ್ಷ ರೂಪಾಯಿಯ ಆಸುಪಾಸು. ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವಳಿಗೆ 150 ಡಾಲರ್ ಮುಟ್ಟುವುದಿಲ್ಲ. ವಿದೇಶದಲ್ಲಾದರೆ ಸಾಮಾನ್ಯವಾಗಿ ಅಲ್ಲಿನ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ.

ಇನ್ನು ಖರ್ಚು: ಪ್ರಯಾಣ, ಹೋಟೆಲು, ಊಟ, ಜೊತೆಗೆ ಬಂದವರ ವೆಚ್ಚ. ರ‍್ಯಾಕೆಟ್‌ನ ತಂತಿ ಬದಲಿಸುವ ಗಟ್ಟಿಂಗ್‌ನದು ಬೇರೆಯದೇ ಲೆಕ್ಕ. ಪಾಲಿಯೆಸ್ಟರ್ ತಂತಿ ಹರಿಯುವ ಮೊದಲೇ ಬಿಗುವು ಕಳೆದುಕೊಳ್ಳುತ್ತದೆ, ಚೆಂಡು ಬೇಸ್‌ಲೈನ್ ದಾಟಿ ಹಾರತೊಡಗುತ್ತದೆ. ಹಾಗಾಗಿ ಗಂಭೀರವಾಗಿ ಆಡುವವರು ಒಂದೆರಡು ಪಂದ್ಯಕ್ಕೊಮ್ಮೆ ಗಟ್ಟಿಂಗ್ ಮಾಡಿಸುತ್ತಾರೆ, ಒಂದೇ ಬಗೆಯ ಮೂರ‍್ನಾಲ್ಕು ರ‍್ಯಾಕೆಟ್ ಒಯ್ಯುತ್ತಾರೆ. ಮುಂಬೈ ಸೆಖೆಯಲ್ಲಿ ಬೆವರಿಗೆ ಓವರ್‌ಗ್ರಿಪ್ ಪಂದ್ಯದ ನಡುವೆಯೇ ಬದಲಾಗುತ್ತದೆ. ಇಬ್ಬರು ಹುಡುಗಿಯರು ಸೇರಿ ಒಂದು ರೂಮು ಹಿಡಿಯುವುದು, ಒಬ್ಬ ಕೋಚ್‌ನ ಖರ್ಚನ್ನು ಮೂವರು ಹಂಚಿಕೊಳ್ಳುವುದು, ಹೀಗೆ ವಾರ ಸಾಗುತ್ತದೆ.

ಕೈಗೆ ಹಣ ಬರುವುದು ಎಲ್ಲಿಂದ?

ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 128 ಮಂದಿ. ಮೊದಲ ನೂರರ ಆಸುಪಾಸಿನವರಿಗೆ ನೇರ ಪ್ರವೇಶ, ಅಲ್ಲಿಂದ ಸುಮಾರು 230ರವರೆಗಿನವರಿಗೆ ಅರ್ಹತಾ ಸುತ್ತು. 2025ರ ವಿಂಬಲ್ಡನ್‌ನಲ್ಲಿ ಮುಖ್ಯ ಸುತ್ತಿನ ಮೊದಲ ಪಂದ್ಯ ಸೋತವರಿಗೇ 66,000 ಪೌಂಡ್ ಸಿಕ್ಕಿತು, ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೆ 15,500 ಪೌಂಡ್. ಅಂದರೆ 300ನೇ ಸ್ಥಾನದಿಂದ 200ಕ್ಕೆ ಏರುವ ಆ ನೂರು ಮೆಟ್ಟಿಲೇ ಇಡೀ ವೃತ್ತಿಯ ಹಣಕಾಸನ್ನು ಬದಲಿಸುತ್ತದೆ.

ಅಹಮದಾಬಾದಿನಲ್ಲಿ ಹುಟ್ಟಿ ಪುಣೆಯಲ್ಲಿ ತರಬೇತಿ ಪಡೆದ ಅಂಕಿತಾ ರೈನಾ ವರ್ಷಗಟ್ಟಲೆ ಐಟಿಎಫ್ ಟೂರ್ನಿ ಆಡಿ 2020ರಲ್ಲಿ 160ನೇ ಸ್ಥಾನ ಮುಟ್ಟಿದರು. ಒಎನ್‌ಜಿಸಿಯ ಉದ್ಯೋಗ ಅವರಿಗೆ ಆಸರೆಯಾಯಿತು. ಕ್ರೀಡಾ ಕೋಟಾದ ಇಂಥ ಕೆಲಸ ನಮ್ಮ ಆಟಗಾರ್ತಿಯರ ಪಾಲಿಗೆ ದೊಡ್ಡ ಬಲ.

ಇನ್ನೆರಡು ದಾರಿ

ಮಹಾರಾಷ್ಟ್ರದ ಋತುಜಾ ಭೋಸಲೆ ಅಮೆರಿಕದ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಓದುತ್ತ ಕಾಲೇಜು ಟೆನಿಸ್ ಆಡಿ, ಬಳಿಕ ವೃತ್ತಿಗೆ ಮರಳಿದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಈ ಒಂದು ಉದಾಹರಣೆಯಲ್ಲೇ ಎರಡು ದಾರಿಗಳೂ ಕಾಣುತ್ತವೆ. ಅಮೆರಿಕದ ವಿದ್ಯಾರ್ಥಿವೇತನ ಸಿಕ್ಕರೆ ಪದವಿಯ ಜೊತೆ ನಾಲ್ಕು ವರ್ಷ ಒಳ್ಳೆಯ ಪಂದ್ಯಗಳೂ ಸಿಗುತ್ತವೆ. ಅದಕ್ಕೆ ಒಂಬತ್ತನೇ ತರಗತಿಯಿಂದಲೇ ಅಂಕಪಟ್ಟಿ ಚೆನ್ನಾಗಿರಬೇಕು, ಆಟಕ್ಕಾಗಿ ಶಾಲೆ ಬಿಡಿಸಿದರೆ ಈ ಬಾಗಿಲು ಮುಚ್ಚುತ್ತದೆ.

ಇನ್ನೊಂದು, ಡಬಲ್ಸ್. ಮುಂಬೈಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೇರಿದ್ದರು. ಮಣಿಕಟ್ಟಿನ ಗಾಯ ಕಾಡಿದ ಮೇಲೆ ಡಬಲ್ಸ್ ಹಿಡಿದು 2015ರಲ್ಲಿ ವಿಶ್ವದ ನಂಬರ್ ಒನ್ ಆದರು. ಮಹಿಳಾ ಡಬಲ್ಸ್, ಮಿಶ್ರ ಡಬಲ್ಸ್ ಸೇರಿ ಅವರ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಆರು. ಮಗ ಹುಟ್ಟಿದ ಮೇಲೆ 2020ರ ಜನವರಿಯಲ್ಲಿ ಮರಳಿ, ಮೊದಲ ಟೂರ್ನಿ ಹೋಬಾರ್ಟ್‌ನಲ್ಲೇ ಡಬಲ್ಸ್ ಗೆದ್ದರು. ಹೆರಿಗೆಗೆ ಆಟ ಬಿಟ್ಟವರು ಹಳೆಯ ರ‍್ಯಾಂಕಿಂಗ್ ಬಳಸಿ ಟೂರ್ನಿ ಸೇರುವ ನಿಯಮ ಡಬ್ಲ್ಯುಟಿಎಯಲ್ಲಿದೆ. 2025ರಿಂದ ಅರ್ಹ ಆಟಗಾರ್ತಿಯರಿಗೆ 12 ತಿಂಗಳವರೆಗೆ ವೇತನಸಹಿತ ಹೆರಿಗೆ ರಜೆಯೂ ಬಂದಿದೆ. ‘ಮದುವೆ, ಮಕ್ಕಳಾದರೆ ಆಟ ಮುಗಿಯಿತು’ ಎನ್ನುವ ಹಿರಿಯರಿಗೆ ಇದನ್ನು ಖಂಡಿತ ಹೇಳಿ.

ದಹಿಸರ್‌ನ ಮನೆಯಲ್ಲಿ ಯೋಜನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಬಯಲು ಕೋರ್ಟುಗಳನ್ನು ನಂಬುವಂತಿಲ್ಲ. ಆ ನಾಲ್ಕು ತಿಂಗಳನ್ನು ದೇಹಬಲಕ್ಕೆ, ಓದಿಗೆ, ಮಾಡು ಇರುವ ಕೋರ್ಟು ಸಿಕ್ಕರೆ ಸರ್ವ್ ತಿದ್ದುವುದಕ್ಕೆ ಮೀಸಲಿಡಿ. ದಹಿಸರ್ ಪೂರ್ವದಿಂದ ಹೊರಡುವ ಮೆಟ್ರೊ 2ಎ ಮತ್ತು 7ರಿಂದ ಅಂಧೇರಿ ಕಡೆಯ ಕೋರ್ಟುಗಳಿಗೆ ರ‍್ಯಾಕೆಟ್ ಚೀಲ ಹೊತ್ತು ಹೋಗುವುದು ಈಗ ಸಲೀಸು. ಆದರೂ ಕೋಚ್ ಎಷ್ಟೇ ಹೆಸರುವಾಸಿಯಾಗಿರಲಿ, ದಿನಕ್ಕೆ ಮೂರು ತಾಸು ದಾರಿಯಲ್ಲೇ ಹೋದರೆ ಮಗು ಸೊರಗುತ್ತದೆ. ಚಿಕ್ಕಂದಿನಲ್ಲಿ ಹತ್ತಿರದ ಕೋರ್ಟು, ತಾಳ್ಮೆಯ ಕೋಚ್ ಸಾಕು. ಎಐಟಿಎ ಟೂರ್ನಿಗಳನ್ನು ಬೇರೆ ರಾಜ್ಯಗಳಲ್ಲೂ ಆಡಬಹುದು. ಬೆಂಗಳೂರಿನಲ್ಲಿ ಚಿಕ್ಕಮ್ಮನೋ ಅತ್ತೆಯೋ ಇದ್ದರೆ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕದ ರಾಜ್ಯ ಸಂಸ್ಥೆ ಕೆಎಸ್‌ಎಲ್‌ಟಿಎ ಕೋರ್ಟುಗಳಲ್ಲಿ ಟೂರ್ನಿ ಇರುವ ವಾರ ಹೋಟೆಲ್ ಖರ್ಚು ಉಳಿಯುತ್ತದೆ.

ಮನೆಯಲ್ಲಿ ಮೂರು ಗಡುವು ಬರೆದಿಡಿ. 14ಕ್ಕೆ: ರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಎಲ್ಲಿದ್ದಾಳೆ, ಐಟಿಎಫ್ ಜೂನಿಯರ್ ಖರ್ಚು ತಡೆದೀತೆ? 18ಕ್ಕೆ: ನೇರ ವೃತ್ತಿಯೋ, ವಿದ್ಯಾರ್ಥಿವೇತನವೋ? 22ಕ್ಕೆ: ಸಿಂಗಲ್ಸ್ ಏರುತ್ತಿದೆಯೋ, ಡಬಲ್ಸ್ ಮುಖ್ಯವಾಗಬೇಕೋ, ಉದ್ಯೋಗ ಹಿಡಿಯಬೇಕೋ? ಪ್ರತಿ ಗಡುವಿನಲ್ಲೂ ಮಗಳನ್ನು ಕೂರಿಸಿಕೊಂಡು, ಹಣದ ಲೆಕ್ಕವನ್ನೂ ಬಚ್ಚಿಡದೆ ತೋರಿಸಿ ಮಾತಾಡಿ. ಮನೆ ಎಷ್ಟು ಹೊರಬಲ್ಲದು, ಯಾವಾಗ ದಾರಿ ಬದಲಿಸಬಹುದು ಎಂದು ಗೊತ್ತಿರುವ ಹುಡುಗಿ ಸೋತ ದಿನ ಅಪರಾಧಿಯಂತೆ ತಲೆತಗ್ಗಿಸುವುದಿಲ್ಲ, ಮರುದಿನದ ಅಭ್ಯಾಸಕ್ಕೆ ತಾನಾಗಿ ಹೊರಡುತ್ತಾಳೆ.