ತೊಂಬತ್ತರ ಕಾಲಿಗೆ ಬಂದ ಕಸುವು

ತೊಂಬತ್ತರ ಅಂಚಿನಲ್ಲಿರುವವರ ಕೈಲಿ ಭಾರ ಎತ್ತಿಸಬಹುದೇ? ಬಾಸ್ಟನ್‌ನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ತಂಡ ಎತ್ತಿಸಿಯೇ ನೋಡಿತು. ಫಲಿತಾಂಶ ಪ್ರಕಟವಾದದ್ದು 1990ರಲ್ಲಿ.

ವೃದ್ಧರ ಆರೈಕೆ ಕೇಂದ್ರವೊಂದರ 10 ಮಂದಿ. ವಯಸ್ಸು 86ರಿಂದ 96. ಕೂತಲ್ಲೇ ಮೊಣಕಾಲು ನೀಡಿ ಭಾರ ಎತ್ತಬೇಕು, ಅಷ್ಟೇ ನಿಧಾನವಾಗಿ ಇಳಿಸಬೇಕು. ಸುತ್ತಿಗೆ 8 ಸಲ, ಅಂಥ 3 ಸುತ್ತು, ವಾರಕ್ಕೆ 3 ದಿನ. ಭಾರವೇನೂ ಹಗುರದ್ದಲ್ಲ: ಒಮ್ಮೆಗೆ ಎತ್ತಬಲ್ಲ ಗರಿಷ್ಠದ ಶೇ 80ರವರೆಗೆ ಏರಿಸಿದರು.

8 ವಾರ ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು! ಇಬ್ಬರು ಊರುಗೋಲು ಬಿಟ್ಟರು. ಕೈಯೂರದೆ ಏಳಲಾಗದಿದ್ದ ಒಬ್ಬರು ಕುರ್ಚಿಯಿಂದ ತಾವೇ ಎದ್ದರು. ಬಚ್ಚಲಿಗೆ ಹೋಗಲೂ ಇನ್ನೊಬ್ಬರನ್ನು ಕೂಗಿ ಕಾಯುವವರಿಗೆ ಗೊತ್ತು, ಅದೆಷ್ಟು ದೊಡ್ಡದೆಂದು.

ಅಧ್ಯಯನ ಚಿಕ್ಕದು, ನಿಜ. ಆದರೆ 2014ರಲ್ಲಿ ಪ್ರಕಟವಾದ ಅಮೆರಿಕದ ‘ಲೈಫ್’ ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ 1,635 ಮಂದಿಯಿದ್ದರು. 400 ಮೀಟರ್ ನಡೆಯಲಾರದ ಸ್ಥಿತಿಗೆ ಬಂದವರು, ನಡಿಗೆ-ವ್ಯಾಯಾಮದ ಗುಂಪಿನಲ್ಲಿ ಶೇ 30.1, ಆರೋಗ್ಯದ ಪಾಠವನ್ನಷ್ಟೇ ಕೇಳಿದ ಗುಂಪಿನಲ್ಲಿ ಶೇ 35.5.

ಮನೆಯಲ್ಲಿ ‘ಸುಮ್ನೆ ಕೂತ್ಕೋ ಅಜ್ಜಿ’ ಎನ್ನುವ ಮೊದಲು, ಅವರಿಗೆ ಯಾವ ವ್ಯಾಯಾಮ ಸರಿಯೆಂದು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ.