ವಡಗಾವಿಯ ಮಗ್ಗ, ಉದ್ಯಮಬಾಗದ ಕುಲುಮೆ

ಬೆಳಗಾವಿಯ ಕೋಟೆಯನ್ನೂ ಅದರೊಳಗಿನ ಕಮಲ ಬಸದಿಯನ್ನೂ ನೋಡಿ, 1924ರ ಕಾಂಗ್ರೆಸ್ ಅಧಿವೇಶನದ ನೆನಪಿಗಾಗಿ ನಿಂತಿರುವ ವೀರಸೌಧಕ್ಕೆ ಕೈಮುಗಿದು, ಕುಂದಾದ ಪೊಟ್ಟಣವೊಂದನ್ನು ಕಟ್ಟಿಸಿಕೊಂಡು ರೈಲು ಹತ್ತುವ ಪ್ರವಾಸಿಯು ಊರನ್ನೆಲ್ಲ ಕಂಡೆನೆಂದೇ ಭಾವಿಸುತ್ತಾನೆ. ಅವನನ್ನು ದೂರುವಂತಿಲ್ಲ. ಊರು ಹೊಟ್ಟೆ ಹೊರೆಯುವ ತಾಣಗಳು ಪ್ರವಾಸಿಯ ದಾರಿಯಲ್ಲಿ ಬರುವುದು ಅಪರೂಪ. ಕಪಿಲೇಶ್ವರದ ಮೇಲ್ಸೇತುವೆಯನ್ನಿಳಿದು, ಶಹಾಪುರವನ್ನು ಹಾದು, ವಡಗಾವಿಯ ಓಣಿಗಳನ್ನು ಹೊಕ್ಕವರಿಗೆ ಮಾತ್ರ ಆ ಸದ್ದು ಕೇಳಿಸುತ್ತದೆ. ಖಟ್‌ಖಟ್, ಖಟ್‌ಖಟ್. ಒಂದು ಮನೆಯ ಸದ್ದು ಮುಗಿಯುವ ಮೊದಲೇ ಪಕ್ಕದ ಮನೆಯದು ಕೈಗೂಡುತ್ತದೆ. ಹೊಸಬರಿಗೆ ಐದು ನಿಮಿಷದಲ್ಲಿ ತಲೆನೋವು ಬಂದೀತು. ಆದರೆ ಅಲ್ಲಿಯ ಕೂಸುಗಳು ಆ ಸದ್ದಿನಲ್ಲಿಯೇ ನಿದ್ರಿಸುತ್ತವೆ, ವಿದ್ಯುತ್ತು ನಿಂತು ಮೌನ ಕವಿದಾಗ ಎಚ್ಚರಗೊಳ್ಳುತ್ತವೆ.

ಶಹಾಪುರ, ವಡಗಾವಿ, ಖಾಸಬಾಗಗಳು ಈಗ ಒಂದೇ ನಗರದ ಭಾಗಗಳು. ಹಿಂದೆ ಹಾಗಿರಲಿಲ್ಲ. ಬೆಳಗಾವಿಯು ಬ್ರಿಟಿಷರ ದಂಡು ಬೀಡುಬಿಟ್ಟ ಊರಾಗಿದ್ದರೆ, ಅದಕ್ಕೆ ಅಂಟಿಕೊಂಡೇ ಇದ್ದ ಶಹಾಪುರವು 1948ರವರೆಗೆ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಅತ್ತ ಕಂಟೋನ್ಮೆಂಟು, ಇತ್ತ ಸರಾಫರೂ ಸೀರೆಯ ವರ್ತಕರೂ ತುಂಬಿದ ಪೇಟೆ. ಇಂದಿಗೂ ನಗರದಲ್ಲಿ ಎರಡು ಖಡೇಬಜಾರುಗಳಿರುವುದು ಆ ಹಳೆಯ ವಿಭಾಗದ ಗುರುತು. ಯಾವ ಖಡೇಬಜಾರು ಎಂದು ಸ್ಪಷ್ಟವಾಗಿ ಹೇಳದ ಅತಿಥಿಯನ್ನು ಆಟೋದವನು ತಪ್ಪು ಪೇಟೆಯಲ್ಲಿ ಇಳಿಸುವ ಸಂಭವವುಂಟು. ಶಹಾಪುರದ ಸೀರೆಗೆ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು. ಹದಿನೆಂಟು ಮೊಳದ ಸೀರೆ ಉಡುವ ಮುತ್ತೈದೆಯರು ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ಬೆಲೆ ಕಟ್ಟುತ್ತಿದ್ದರು. ಹದಿನೆಂಟು ಮೊಳ ಹನ್ನೆರಡಾಯಿತು, ಹತ್ತಿಯ ಜಾಗಕ್ಕೆ ಕೃತಕ ರೇಷ್ಮೆ ಬಂದಿತು, ಕೈಮಗ್ಗದ ಜಾಗವನ್ನು ಬಹುಮಟ್ಟಿಗೆ ವಿದ್ಯುನ್ಮಗ್ಗ ಆಕ್ರಮಿಸಿತು. ಓಣಿ ಮಾತ್ರ ನೇಕಾರರದೇ ಆಗಿ ಉಳಿಯಿತು.

ಮಗ್ಗವೆಂದರೆ ಅಲ್ಲಿ ಕಾರಖಾನೆಯೆಂದು ತಿಳಿಯಬಾರದು. ಎಷ್ಟೋ ಕುಟುಂಬಗಳಲ್ಲಿ ಅದು ಮನೆಯ ನಡುಮನೆಯೇ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದೆ ಅಡಿಗೆಮನೆ, ನಡುವೆ ದೇವರ ಜಗಲಿ. ಹಾಸಿನ ಸಾವಿರಾರು ಎಳೆಗಳು ಬಿಗಿಯಾಗಿ ನಿಂತಿರುತ್ತವೆ. ಲಾಳಿಯು ಹೊಕ್ಕಿನ ನೂಲನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಎಳೆದೊಯ್ಯುತ್ತದೆ. ಹಣಿಗೆ ಅದನ್ನು ಬಡಿದು ಕೂಡಿಸುತ್ತದೆ. ಮೇಲೆ ಜಕಾರ್ಡು ಯಂತ್ರ. ತೂತು ಕೊರೆದ ರಟ್ಟಿನ ಹಲಗೆಗಳ ಸರಪಳಿಯೊಂದು ಅದರ ಮೇಲೆ ಸುತ್ತುತ್ತ, ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ನಿರ್ಣಯಿಸುತ್ತದೆ. ಸೆರಗಿನ ನವಿಲು ಮೂಡುವುದು ಆ ತೂತುಗಳಿಂದ. ಮೋಟಾರು ತಿರುಗಿಸಿದ ಮಾತ್ರಕ್ಕೆ ಸೀರೆ ಇಳಿಯುವುದಿಲ್ಲ. ಒಂದು ಎಳೆ ಹರಿದರೂ ಮಗ್ಗವನ್ನು ನಿಲ್ಲಿಸಿ, ಬಗ್ಗಿ, ಹುಡುಕಿ, ಗಂಟು ಹಾಕಬೇಕು. ಕಂಡಿಕೆ ಸುತ್ತುವ ಕೆಲಸ ಸಾಮಾನ್ಯವಾಗಿ ಹೆಂಗಸರದು, ಮುದುಕರದು. ಶಾಲೆಯಿಂದ ಬಂದ ಮಕ್ಕಳ ಕೈಯೂ ಅದಕ್ಕೆ ತಗಲುವುದುಂಟು.

ಸಂಜೆಯ ಹೊತ್ತು ನಲ್ಲಿಯ ಬಳಿ ಹೆಂಗಸರ ಕುಶಲಪ್ರಶ್ನೆಯೂ ಮಗ್ಗದ್ದೇ.

"ಎಷ್ಟ ಸೀರಿ ಇಳದಾವ್ರೀ ವೈನೀ?"

"ಎರಡನೇದು ಅರ್ಧಕ್ಕ ನಿಂತೈತ್ರೀ ಅಕ್ಕಾ. ಕರೆಂಟ್ ಎಲ್ಲಿತ್ತು?"

ಈ ಪ್ರಶ್ನೋತ್ತರದಲ್ಲಿ ಮನೆಯ ಆಯವ್ಯಯವೆಲ್ಲ ಅಡಗಿದೆ. ಸ್ವಂತ ಮಗ್ಗವಿದ್ದರೂ ಎಷ್ಟೋ ಮಂದಿಗೆ ಸ್ವಂತ ನೂಲಿಲ್ಲ. ನೂಲನ್ನು ಯಜಮಾನ ವರ್ತಕನು ಕೊಡುತ್ತಾನೆ. ಸೀರೆಯನ್ನು ಅವನಿಗೇ ಒಪ್ಪಿಸಿ, ಸೀರೆಗಿಷ್ಟೆಂದು ಮಜೂರಿ ಪಡೆಯಬೇಕು. ಮೋಟಾರಿನ ವಿದ್ಯುತ್ತು, ಮಗ್ಗದ ರಿಪೇರಿ, ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆ ಇವೆಲ್ಲ ಆ ಮಜೂರಿಯಲ್ಲಿಯೇ ಸೇರಿಹೋಗುತ್ತವೆ. ಕೊನೆಯದಕ್ಕಂತೂ ಯಾರೂ ಲೆಕ್ಕ ಇಟ್ಟಿಲ್ಲ. ನೂಲಿನ ಬೆಲೆ ಏರಿದರೆ ವರ್ತಕನು ಮಜೂರಿಯನ್ನು ಬಿಗಿ ಹಿಡಿಯುತ್ತಾನೆ. ಅವನಿಗೂ ಅವನ ಸಂಕಟವಿದೆ: ಸೂರತ್ತಿನ ಗಿರಣಿಗಳಿಂದ ಬರುವ ಅಚ್ಚಿನ ಸೀರೆಯು ಅಂಗಡಿಯ ಅದೇ ಹಲಗೆಯ ಮೇಲೆ ಕಡಿಮೆ ಬೆಲೆಗೆ ಕುಳಿತಿರುತ್ತದೆ.

ಇಷ್ಟಾದರೂ ಓಣಿಯ ಬಾಳಿಗೆ ಕಳೆ ಇಲ್ಲದಿಲ್ಲ. ಆಷಾಢದ ಮಳೆಯಲ್ಲಿ ವಡಗಾವಿಯ ಗ್ರಾಮದೇವತೆ ಮಂಗಾಯಿಯ ಜಾತ್ರೆ ಬರುತ್ತದೆ. ಕೊಟ್ಟ ಹೆಣ್ಣುಮಕ್ಕಳು ಖಾನಾಪುರದ ಕಡೆಯಿಂದ, ಗೋಕಾಕದ ಕಡೆಯಿಂದ, ಗಡಿಯಾಚೆಯ ಊರುಗಳಿಂದ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರುತ್ತಾರೆ. ಕೊಡೆಗಳ ಕೆಳಗೆ ಬಳೆಯಂಗಡಿ, ಮಂಡಕ್ಕಿಯ ಅಂಗಡಿ; ಕೆಸರಿನಲ್ಲಿಯೇ ಜನಜಂಗುಳಿ. ದೇವಿಯ ಮುಂದೆ ಕನ್ನಡದ ಹರಕೆಯೂ ಮರಾಠಿಯ ಹರಕೆಯೂ ಒಂದೇ ಸರದಿಯಲ್ಲಿ ಸಲ್ಲುತ್ತವೆ. 1956ರ ರಾಜ್ಯ ಪುನರ್ವಿಂಗಡಣೆ, ಮಹಾಜನ ಆಯೋಗದ 1967ರ ವರದಿ, 2004ರಿಂದ ಸುಪ್ರೀಂ ಕೋರ್ಟಿನಲ್ಲಿರುವ ವ್ಯಾಜ್ಯ ಇವುಗಳ ವಿಷಯವಾಗಿ ಚೌಕದಲ್ಲಿ ಬಿಸಿಬಿಸಿ ಮಾತಾಡುವವರೂ ಲಾಳಿ ಮುರಿದಾಗ ನೆರೆಮನೆಯ ಬಾಗಿಲನ್ನೇ ತಟ್ಟುತ್ತಾರೆ.

ಅದೇ ಮಳೆಯೇ 2019ರಲ್ಲಿ ಮುನಿಯಿತು. ಆ ಆಗಸ್ಟಿನ ಮೊದಲ ವಾರ ಸುರಿದ ಮಳೆಗೆ ಬೆಳಗಾವಿಯ ತಗ್ಗು ಬಡಾವಣೆಗಳು ಜಲಾವೃತವಾದವು. ನೇಕಾರರ ಮನೆಗಳಿಗೂ ನೀರು ನುಗ್ಗಿತು. ನೆಲಕ್ಕೆ ಕೂಡಿಸಿದ ಮಗ್ಗವನ್ನು ಹೊತ್ತು ಅಟ್ಟಕ್ಕೆ ಏರಿಸುವುದಾಗುತ್ತದೆಯೆ? ನೀರು ಹೊಕ್ಕ ಮೋಟಾರು ಸುಡುತ್ತದೆ, ನೆನೆದ ಹಾಸು ಬಣ್ಣ ಬಿಡುತ್ತದೆ, ಉಬ್ಬಿದ ರಟ್ಟು ಜಕಾರ್ಡಿಗೆ ಒದಗುವುದಿಲ್ಲ. ಸಾಲ ಮಾಡಿ ಮಗ್ಗ ಎಬ್ಬಿಸಿಕೊಂಡವರಿಗೆ ಮರುವರ್ಷವೇ ಮತ್ತೊಂದು ಪೆಟ್ಟು. 2020ರ ಮಾರ್ಚ್ 25, ಯುಗಾದಿಯ ದಿನವೇ, ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಸೀರೆ ಮಾರುವ ಕಾಲವೆಂದರೆ ಮದುವೆಯ ಕಾಲ. ಚೈತ್ರ ವೈಶಾಖಗಳಲ್ಲಿ ಹಂದರವೇ ಏಳದಿದ್ದರೆ ಸೀರೆ ಕೊಳ್ಳುವವರಾರು? ಅದೇ ವರ್ಷ ಸರ್ಕಾರವು ನೇಕಾರ ಸಮ್ಮಾನ ಯೋಜನೆಯಲ್ಲಿ ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ನಿರ್ಧರಿಸಿತು. ಬೆಳಗಾವಿಯಲ್ಲಿ ಬಹುಪಾಲು ಮಂದಿ ವಿದ್ಯುನ್ಮಗ್ಗದವರು. ಬಟ್ಟೆ ನೇಯುವವನು ನೇಕಾರನಲ್ಲದೆ ಮತ್ತೇನೆಂಬ ಅವರ ಪ್ರಶ್ನೆ ಅನ್ಯಾಯದ್ದೆನ್ನಲಾಗದು.

ಇಂತಹ ಮನೆಗಳ ತರುಣರು ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಸೈಕಲ್ಲು ಮೋಟಾರುಗಳ ಮೇಲೆ ಹೊರಡುವುದು ಉದ್ಯಮಬಾಗದ ಕಡೆಗೆ. ಖಾನಾಪುರ ರಸ್ತೆಯ ಈ ವಸಾಹತಿನಲ್ಲಿಯೂ ಅದರಾಚೆಯ ಮಚ್ಛೆಯಲ್ಲಿಯೂ ಎರಕದ ಕಾರಖಾನೆಗಳು ಸಾಲಾಗಿವೆ. ಕರಿಮರಳಿನಲ್ಲಿ ಅಚ್ಚೊತ್ತಿ, ಸುಮಾರು 1,400 ಡಿಗ್ರಿ ಶಾಖದಲ್ಲಿ ಕರಗಿದ ಕಬ್ಬಿಣವನ್ನು ಅದರೊಳಗೆ ಸುರಿದು, ತಣಿದ ಮೇಲೆ ಒಡೆದು ತೆಗೆಯುವುದು ಅಲ್ಲಿಯ ಉದ್ಯೋಗ. ಪಂಪಿನ ಭಾಗಗಳು, ವಾಹನಗಳ ಬಿಡಿಭಾಗಗಳು, ದ್ರವಚಾಲಿತ ಯಂತ್ರಗಳ ಕವಾಟಗಳು ಇಲ್ಲಿಂದ ದೂರದೂರಕ್ಕೆ ಹೋಗುತ್ತವೆ. ಖಾನಾಪುರ ತಾಲೂಕಿನ ಹಳ್ಳಿಗಳಿಂದಲೂ ಜನ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ದುಡಿಮೆಗೆ ಬರುವರು. ಪಡುವಣದ ಕಾಡಂಚಿನವರು ಮರಾಠಿಯಲ್ಲಿ ಮಾತಾಡಿಕೊಳ್ಳುತ್ತ, ಪಾರಿಶ್ವಾಡದಂಥ ಮೂಡಣ ಬಯಲಿನವರು ಕನ್ನಡದಲ್ಲಿ ಮಾತಾಡಿಕೊಳ್ಳುತ್ತ ಬಂದು, ಪಾಳಿಯ ಗಂಟೆಯಾದೊಡನೆ ಎರಡೂ ಬೆರೆತ ಕಾರಖಾನೆಯ ಭಾಷೆಗೆ ಹೊರಳುತ್ತಾರೆ. ತಿಂಗಳಿಗೊಮ್ಮೆ ನಿಶ್ಚಿತ ಸಂಬಳ ಬರುವುದೇ ನೇಕಾರನ ಮಗನಿಗೆ ದೊಡ್ಡ ಆಕರ್ಷಣೆ. ಕನ್ಯೆ ಕೊಡುವವರೂ ಈಗ ಮಗ್ಗವೆಷ್ಟು ಎಂದು ಕೇಳುವುದಕ್ಕಿಂತ ಹುಡುಗ ಯಾವ ಕಂಪನಿಯಲ್ಲಿರುವನೆಂದು ಕೇಳುವುದೇ ಹೆಚ್ಚು.

ಹೀಗೆ ನಡೆಸುವವರಿಲ್ಲದ ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಮಗ್ಗದ ಚೌಕಟ್ಟು ಎರಕದ ಕಬ್ಬಿಣ. ಗುಜರಿಯ ಕಬ್ಬಿಣವನ್ನು ಎರಕದವರು ಕೊಳ್ಳುತ್ತಾರೆ. ತಂದೆಯ ಮಗ್ಗವನ್ನು ಮಗನೇ ಕುಲುಮೆಯಲ್ಲಿ ಕರಗಿಸಿರುವ ಸಂಭವವನ್ನು ಅಲ್ಲಗಳೆಯುವಂತಿಲ್ಲ.

ಆದರೂ ಖಂಡೇಪೂಜೆಯ ದಿನ ಎರಡು ಕಡೆಯೂ ಒಂದೇ ಸಡಗರ. ಉದ್ಯಮಬಾಗದಲ್ಲಿ ಕುಲುಮೆಗೆ ಕುಂಕುಮವೇರಿದರೆ, ವಡಗಾವಿಯಲ್ಲಿ ಲಾಳಿಗೆ ಚೆಂಡುಹೂವು. ಗಣೇಶನ ವಿಸರ್ಜನೆಗಂತೂ ಊರಿಗೆ ಊರೇ ಬೀದಿಗಿಳಿಯುತ್ತದೆ. ಮೆರವಣಿಗೆಯ ಕೊನೆಯ ಮೂರ್ತಿ ಕಪಿಲೇಶ್ವರದ ಹೊಂಡವನ್ನು ಸೇರುವ ವೇಳೆಗೆ ಮರುದಿನವಾಗಿರುತ್ತದೆ.

2023ರಲ್ಲಿ ರಾಜ್ಯ ಸರ್ಕಾರವು 10 ಅಶ್ವಶಕ್ತಿಯವರೆಗಿನ ಮಗ್ಗಗಳಿಗೆ ಉಚಿತ ವಿದ್ಯುತ್ತನ್ನು ಘೋಷಿಸಿತು. ಎರಡು ಮಗ್ಗದ ಮನೆಗೆ ಅದು ಸಣ್ಣ ಸಹಾಯವಲ್ಲ. ಬಿಲ್ಲಿನ ಚಿಂತೆಯಿಂದ ನಿಲ್ಲಿಸಿದ್ದ ಮಗ್ಗಕ್ಕೆ ಮತ್ತೆ ಎಣ್ಣೆ ಬಿಡಲು ಧೈರ್ಯ ತಂದುಕೊಡುವಂಥದು. ನೂಲಿನ ಬೆಲೆ ಮಾತ್ರ ಸರ್ಕಾರದ ಕೈಯಲ್ಲೂ ಇಲ್ಲ, ನೇಕಾರನ ಕೈಯಲ್ಲೂ ಇಲ್ಲ. ಹಬ್ಬ ಹತ್ತಿರ ಬಂದಾಗ ಮಡಿಸಿದ ಸೀರೆಗಳ ಗಂಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಶಹಾಪುರದ ಅಂಗಡಿಯ ಮೆಟ್ಟಿಲಲ್ಲಿ ಕೂತವರು ಮೊದಲು ಕೇಳುವುದು ಈ ವಾರದ ನೂಲಿನ ದರವನ್ನೇ.